ಅಮ್ಮನ ಫೋನಿಗೊಂದು ಅಟ್ಟ

ಹೋದ ತಿಂಗಳು ಊರಿಗೆ ಹೋದಾಗ ಬ್ಯಾಗು ಕೆಳಗಿಡೋಕೂ ಬಿಡದೆ ಅಮ್ಮ ಫೋನು ಕೈಗೆ ಕೊಟ್ಟಳು. "ಜಾಗ ಇಲ್ಲ, ಜಾಗ ಇಲ್ಲ ಅಂತ ಒಂದೇ ಸಮ ಹೊಡ್ಕೊಳ್ತಾ ಇದೆ ಕಣೋ, ಅದಕ್ಕೇನು ಬೇಕು ನೋಡು."

ಊರು ಅಂದರೆ ತಿಪಟೂರಿನಿಂದ ಒಂದಿಷ್ಟು ಒಳಗೆ. ನಾನಿರೋದು ತುಮಕೂರಿನಲ್ಲಿ. ಮನೆಗೆ ಬಂದ ಮಗ ಕರೆಂಟಿನವನೂ ಹೌದು, ನಲ್ಲಿ ರಿಪೇರಿಯವನೂ ಹೌದು, ಈಗ ಫೋನಿನವನೂ ಹೌದು. ಕೂತು ನೋಡಿದೆ. 32 ಜಿಬಿ ಫೋನು ಕತ್ತಿನವರೆಗೆ ತುಂಬಿತ್ತು.

ಅಮ್ಮನ ಫೋಟೋಗಳನ್ನು ನೋಡೋದು ಒಂದು ಅನುಭವ. ನಾವೆಲ್ಲ ನಮ್ಮ ಮುಖ ತೆಗೆದುಕೊಳ್ಳುತ್ತೇವೆ, ಅಲ್ವಾ? ಅಮ್ಮನ ಫೋನಿನಲ್ಲಿ ಅವಳ ಮುಖ ಒಂದೂ ಇಲ್ಲ. ಕೊಬ್ಬರಿ ತೂಕದ ಚೀಟಿ ಇದೆ. ಬಿಪಿ ಮಾತ್ರೆ ಪಟ್ಟಿಯ ಬೆನ್ನು ಇದೆ. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಹಸುವಿನ ಕಿವಿಯ ಹಳದಿ ಓಲೆ, ಮೋಟಾರ್ ಸ್ಟಾರ್ಟರಿನಲ್ಲಿ ಯಾವ ಬಟನ್ ಒತ್ತಬೇಕು ಅನ್ನೋದು, ಯಾರದೋ ಮದುವೆಯಲ್ಲಿ ಯಾರೋ ಉಟ್ಟಿದ್ದ ಸೀರೆಯ ಅಂಚು, ಆ ಅಂಚಿನ ಪಕ್ಕ ಅಮ್ಮನದೇ ಹೆಬ್ಬೆರಳು. ನಡುನಡುವೆ ಅದೇ ದಾಸವಾಳ, ಹದಿನಾಲ್ಕು ಸಲ. ನೆನಪಿಗೆ ಅಂತ ತೆಗೆದದ್ದು ಆ ದಾಸವಾಳ ಒಂದೇ ಇರಬೇಕು, ಮಿಕ್ಕಿದ್ದೆಲ್ಲ ಲೆಕ್ಕಪತ್ರ.

ಅದಕ್ಕೇ ಅಳಿಸೋಕೆ ಭಯ. ಎರಡು ವರ್ಷದ ಹಿಂದೆ ಹಳೇ ಫೋನು ಹಸುವಿನ ನೀರಿನ ತೊಟ್ಟಿಗೆ ಬಿದ್ದಿತ್ತು. ಅಕ್ಕಿಯಲ್ಲಿ ಹೂತಿಟ್ಟದ್ದಾಯಿತು, ಬಿಸಿಲಿಗಿಟ್ಟದ್ದಾಯಿತು. ಕೊನೆಗೆ ಪೇಟೆಯಲ್ಲಿ ರಿಪೇರಿಯವನು ಬಿಚ್ಚಿ ನೋಡಿ "ಬೋರ್ಡ್ ಹೋಗಿದೆ ಸಾರ್" ಅಂದ. ನಂಬರುಗಳೆಲ್ಲ ಮರುದಿನವೇ ವಾಪಸ್ ಬಂದವು, ಯಾಕೆಂದರೆ ಅಮ್ಮ ಒಂದು ಹಳೇ ಡೈರಿಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ನನ್ನ ನಂಬರ್ ಮೂರು ಕಡೆ ಇತ್ತು, ಒಂದು ಕಡೆ ತಪ್ಪು. ಫೋಟೋಗಳು ಮಾತ್ರ ಬರಲಿಲ್ಲ. ಮನೆಯಲ್ಲಿ ಬ್ಯಾಕಪ್ ಇಟ್ಟುಕೊಂಡಿದ್ದವಳು ಅಮ್ಮ ಒಬ್ಬಳೇ, ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳೋ ನಾನಲ್ಲ. ಈ ಸಲವಾದರೂ ಕ್ಲೌಡ್ ಬ್ಯಾಕಪ್ ಹಾಕಿಬಿಡೋಣ ಅಂತ ಕೂತೆ.

"ಕ್ಲೌಡ್ ಅಂದ್ರೆ ಮೋಡ ಅಮ್ಮ. ಫೋಟೋ ಮೋಡದಲ್ಲಿರುತ್ತೆ."

ಅಮ್ಮ ಅಂಗಳದಾಚೆ ಆಕಾಶ ನೋಡಿದಳು. ನಮ್ಮ ಕಡೆಯವರಿಗೆ ಮೋಡದ ಮೇಲೆ ಎಷ್ಟು ನಂಬಿಕೆ ಅಂತ ನಿಮಗೆ ಗೊತ್ತಿರಬೇಕು. ಕಪ್ಪಗೆ ಕವಿದು, ಗುಡುಗಿ, ಒಣಗೋಕೆ ಹಾಕಿದ ಬಟ್ಟೆಯನ್ನೆಲ್ಲ ಒಳಗೆ ತರಿಸಿ, ಪಕ್ಕದ ತಾಲ್ಲೂಕಿಗೆ ಹೋಗಿಬಿಡೋದು ಮೋಡ. ಅದರೊಳಗೆ ಕೊಬ್ಬರಿ ಚೀಟಿ ಇಡ್ತೀನಿ ಅಂದರೆ ಯಾರು ಒಪ್ಪುತ್ತಾರೆ? ಮಾತು ಬದಲಿಸಿದೆ. "ಅಟ್ಟ ಅನ್ಕೋ ಅಮ್ಮ. ಫೋಟೋಗಳನ್ನ ಅಟ್ಟಕ್ಕೆ ಹಾಕೋದು." ಅದು ತಕ್ಷಣ ಹಿಡಿಸಿತು.

ಅಟ್ಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತಿಪಟೂರು ಕಡೆ ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ. ಒಳಗಿನ ನೀರು ಸದ್ದಿಲ್ಲದೆ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಗುಂಡಗಾಗುತ್ತದೆ. ಅದೇ ಉಂಡೆ ಕೊಬ್ಬರಿ. ಆಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಯಾವ ಮೆಷಿನ್ನೂ ಇಲ್ಲ. ಅಮ್ಮ ಏಣಿ ಹತ್ತಿ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗಡಗಡ ಅಂದರೆ ಆಯಿತು. ಬರೀ ಗುಳಗುಳ ಅಂದರೆ ಇನ್ನೂ ನೀರಿದೆ, ವಾಪಸ್ ಇಡು. ಎಲ್ಲ ಸರಿಯಿದ್ದೂ ಕೆಲವು ಕೌಟಾಗಿರುತ್ತವೆ, ಅದು ಒಡೆದಾಗಲೇ ಗೊತ್ತಾಗೋದು.

ಗೂಗಲ್‌ನವರ ಅಟ್ಟ ಇದಕ್ಕೆ ಉಲ್ಟಾ. ನಮ್ಮದು ಬೆಚ್ಚಗಿರಬೇಕು, ಅವರದು ತಣ್ಣಗಿರಬೇಕು. ಮೋಡ ಅನ್ನೋದು ಬರೀ ಹೆಸರಿಗೆ, ಇರೋದೆಲ್ಲ ನೆಲದ ಮೇಲಿನ ದೊಡ್ಡ ದೊಡ್ಡ ಶೆಡ್ಡುಗಳಲ್ಲಿ. ಫಿನ್‌ಲೆಂಡಿನ ಹಮಿನಾ ಅನ್ನೋ ಊರಲ್ಲಿ ಒಂದು ಹಳೇ ಕಾಗದದ ಕಾರ್ಖಾನೆ ಕೊಂಡುಕೊಂಡು, ಅಲ್ಲಿ ಸಾಲುಸಾಲು ಮೆಷಿನ್ ಇಟ್ಟು, ಸಮುದ್ರದ ನೀರಿನಿಂದ ಅವನ್ನು ತಣ್ಣಗಿಡುತ್ತಾರೆ. ನಮ್ಮ ಹಸುವಿನ ಓಲೆ ಯಾವ ಊರಿನ ಶೆಡ್ಡಿಗೆ ಹೋಯಿತೋ. ಅಮ್ಮನಿಗೆ ಇದನ್ನು ಹೇಳಿದ್ದಕ್ಕೆ, "ಅಷ್ಟು ದೂರ ಕಳಿಸೋಕೆ ಬಾಡಿಗೆ ಯಾರು ಕೊಡ್ತಾರೆ?" ಅಂದಳು. ನ್ಯಾಯವಾದ ಪ್ರಶ್ನೆ. 2015ರಲ್ಲಿ ಗೂಗಲ್ ಫೋಟೋಸ್ ಶುರುವಾದಾಗ, ಫೋಟೋ ಸ್ವಲ್ಪ ಕುಗ್ಗಿಸಿ ಇಡೋಕೆ ಒಪ್ಪಿದರೆ ಎಷ್ಟು ಬೇಕಾದರೂ ಪುಕ್ಕಟೆ ಅಂದಿದ್ದರು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಒಂದು ಖಾತೆಗೆ ಪುಕ್ಕಟೆ 15 ಜಿಬಿ, ಅದರಲ್ಲೇ ಮೇಲ್, ಡ್ರೈವ್, ಫೋಟೋ, ಇತ್ತೀಚೆಗೆ ವಾಟ್ಸಾಪ್ ಬ್ಯಾಕಪ್ಪೂ, ಒಂದೇ ಅಟ್ಟದಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಪಾಲಿದ್ದ ಹಾಗೆ. ಆಪಲ್‌ನವರ ಅಟ್ಟ ಇನ್ನೂ ಸಣ್ಣದು, 5 ಜಿಬಿ.

ಸೆಟ್ಟಿಂಗ್ಸ್ ಒತ್ತೋದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚೆ ಎರಡು ಗಂಟೆ ಹೋಯಿತು. ಫೋನಿನಲ್ಲಿ ಮೂರು ಖಾತೆ ಇದ್ದವು, ಒಂದು ನಾನು ಮಾಡಿದ್ದು, ಒಂದು ಅಂಗಡಿ ಹುಡುಗ ಮಾಡಿಕೊಟ್ಟದ್ದು, ಇನ್ನೊಂದು ಯಾರದೋ ದೇವರಿಗೇ ಗೊತ್ತು. ಒಂದರ ಪಾಸ್‌ವರ್ಡೂ ಯಾರಿಗೂ ಗೊತ್ತಿಲ್ಲ. ಒಂದನ್ನು ಉಳಿಸಿಕೊಂಡು ಹೊಸ ಪಾಸ್‌ವರ್ಡ್ ಹಾಕಿದೆ.

ಬ್ಯಾಕಪ್ ಆನ್ ಮಾಡಿದರೆ ಎಲ್ಲ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಕ್ಯಾಮೆರಾದಲ್ಲಿ ತೆಗೆದದ್ದು ಮಾತ್ರ ತಾನಾಗೇ ಹೋಗೋದು. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ಫೋಲ್ಡರನ್ನು ಬೇರೆಯಾಗಿ ಹುಡುಕಿ ಆನ್ ಮಾಡಬೇಕು. ಆನ್ ಮಾಡಿದರೆ ಮೊಮ್ಮಗಳ ಫೋಟೋ ಜೊತೆ ಶುಭೋದಯದ ಗುಲಾಬಿಗಳೂ ಮೇಲೆ ಹೋಗುತ್ತವೆ, ದಿನಕ್ಕೆ ಇಪ್ಪತ್ತು. ಗುಲಾಬಿ ಅಳಿಸೋಣ ಅಂದರೆ ಅಮ್ಮ ಒಪ್ಪಲಿಲ್ಲ. "ಪಾಪ, ಕಳಿಸಿದೋರು ಏನಂದ್ಕೊಳ್ತಾರೆ?" ಅರ್ಧ ದಿನ ಚೌಕಾಸಿ ಮಾಡಿ, ಗುಲಾಬಿಗಳಲ್ಲಿ ಸಂಬಂಧಿಕರು ಕಳಿಸಿದ್ದನ್ನು ಉಳಿಸಿದೆವು.

ವೈಫೈ ಇಲ್ಲ. ಮೊಬೈಲ್ ಡೇಟಾದಲ್ಲಿ ಕಳಿಸು ಅಂತ ಒತ್ತಿದೆ. ಸಿಗ್ನಲ್ ಚೆನ್ನಾಗಿ ಸಿಗೋದು ಕೊಟ್ಟಿಗೆ ಹಿಂದಿನ ಬಣವೆ ಹತ್ತಿರ, ಹಾಗಾಗಿ ಎಕ್ಸ್‌ಟೆನ್ಷನ್ ವೈರ್ ಎಳೆದು, ಸ್ಟೂಲ್ ಮೇಲೆ ಫೋನಿಟ್ಟು, ಮೇಲೆ ಒಂದು ಮಂಕರಿ ಬೋರಲು ಹಾಕಿದೆವು. ಕೋಳಿ ಕಾವಿಗೆ ಕೂತ ಹಾಗೆ ಮೂರು ರಾತ್ರಿ ಫೋನು ಮಂಕರಿಯೊಳಗಿತ್ತು. ಹಗಲು ಡೇಟಾ ಮುಟ್ಟುವಂತಿಲ್ಲ, ಅದು ಅಮ್ಮನ ಧಾರಾವಾಹಿಗೆ.

ಮೂರನೇ ಬೆಳಗ್ಗೆ ಬ್ಯಾಕಪ್ ಆಯಿತು ಅಂತ ಬಂತು. ಅಮ್ಮ ಖುಷಿಯಾಗಿ, "ಹಾಗಾದ್ರೆ ಫೋನಲ್ಲಿರೋದನ್ನೆಲ್ಲ ಈಗ ಅಳಿಸ್ತೀನಿ" ಅಂತ ಒಂದೊಂದೇ ಆರಿಸೋಕೆ ಕೂತಳು. ಓಡಿಹೋಗಿ ಕೈ ಹಿಡಿದೆ. ಹಾಗೆ ಅಳಿಸಿದರೆ ಮೇಲಿನದೂ ಹೋಗುತ್ತದೆ! 60 ದಿನ ಕಸದಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಅಲ್ಲೂ ಇಲ್ಲ. ಫೋನಿನಿಂದ ಮಾತ್ರ ತೆಗೆಯೋಕೆ ಬೇರೆ ಬಟನ್ ಇದೆ, ಜಾಗ ಖಾಲಿ ಮಾಡು ಅನ್ನೋದು.

ಅಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. "ಇದೆಂಥಾ ಅಟ್ಟಾನೋ? ಅಡುಗೆ ಮನೇಲಿ ಒಂದು ಕಾಯಿ ಒಡೆದ್ರೆ ಅಟ್ಟದಲ್ಲಿರೋದೂ ಒಡೆದುಹೋಗುತ್ತಾ?"

ಉತ್ತರ ಇರಲಿಲ್ಲ. ಸಿಂಕ್, ಅಂದರೆ ಇಲ್ಲಿ ಮಾಡಿದ್ದು ಅಲ್ಲೂ ಆಗೋದು, ಅನ್ನೋ ಮಾತಿಗೆ ನಮ್ಮ ತೋಟದಲ್ಲಿ ಹೋಲಿಕೆ ಹುಡುಕಿದೆ, ಸಿಗಲಿಲ್ಲ. ಸುಮ್ನೆ "ಆ ಅಳಿಸೋ ಬಟನ್ ಮುಟ್ಟಬೇಡ" ಅಂದೆ.

ಇನ್ನೊಂದು ಬಾಕಿ ಇತ್ತು. ಫೋನು ಮತ್ತೆ ತೊಟ್ಟಿಗೆ ಬಿದ್ದರೆ ಖಾತೆಗೆ ಹೋಗೋದು ಹೇಗೆ? ಒಳಗೆ ಬಿಡಲೋ ಬೇಡವೋ ಅಂತ ಕೇಳೋದು ಆ ಮುಳುಗಿದ ಫೋನನ್ನೇ. ಅದಕ್ಕೆ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿ, ಒಂದು ಸಲಕ್ಕೆ ಒಂದು. ಚೆನ್ನಾಗಿ ದಪ್ಪ ಅಕ್ಷರದಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟು, "ಇದು ಅಟ್ಟದ ಬೀಗದ ಕೈ. ಭದ್ರವಾಗಿಡು, ಅಕ್ಕಿ ಡಬ್ಬದಲ್ಲಿಡು" ಅಂತ ಹೇಳಿ ತುಮಕೂರಿಗೆ ಬಂದೆ.

ಮೊನ್ನೆ ಭಾನುವಾರ ನೆನಪಾಯಿತು, ಅಟ್ಟಕ್ಕೆ ಹಾಕಿದ್ದು ಸರಿ, ಅಲ್ಲಾಡಿಸಿ ನೋಡಲೇ ಇಲ್ಲವಲ್ಲ ಅಂತ. ಮನೆಯ ಟ್ಯಾಬ್‌ನಲ್ಲಿ ಅಮ್ಮನ ಖಾತೆ ತೆರೆದೆ. ಅಲ್ಲಿಂದ ಅಮ್ಮ ಫೋನಿನಲ್ಲೇ "ಹೌದು, ನಾನೇ" ಅಂತ ಒತ್ತಬೇಕಿತ್ತು, ಒತ್ತಿದಳು, "ನೀನಲ್ವೇನೋ ಕೇಳ್ತಿರೋದು, ನಾನೇ ಅಂತ ಹೇಗೆ ಒತ್ತಲಿ?" ಅಂತ ಸ್ವಲ್ಪ ಹೊತ್ತು ಜಗಳ ಆಡಿದ ಮೇಲೆ. ಎಲ್ಲ ಬಂತು. ತೂಕದ ಚೀಟಿ, ಮಾತ್ರೆ, ಹಳದಿ ಓಲೆ, ಹದಿನಾಲ್ಕು ದಾಸವಾಳ. ನಾನು ಬಂದ ಮೇಲೆ ತೆಗೆದ ಫೋಟೋಗಳೂ ಇದ್ದವು. ಅದರಲ್ಲಿ ಮೊದಲನೆಯದು ನನ್ನದೇ ಅಕ್ಷರ. ಹತ್ತು ಕೋಡು, ಎಂಟೆಂಟು ಅಂಕಿ, ಪಕ್ಕದಲ್ಲಿ ಹೆಬ್ಬೆರಳು.

"ಅಮ್ಮ, ಆ ಚೀಟಿ ಎಲ್ಲಿ?"

"ಅಕ್ಕಿ ಡಬ್ಬದಲ್ಲಿಟ್ರೆ ಹುಳ ಬೀಳುತ್ತೆ ಅಂತ ಫೋಟೋ ತೆಗೆದೆ ಕಣೋ. ಅಟ್ಟಕ್ಕೆ ಹೋದ್ರೆ ಎಲ್ಲೂ ಹೋಗಲ್ಲ ಅಂತ ನೀನೇ ಹೇಳಿದ್ಯಲ್ಲ."

"ಅದು ಸರಿ, ಚೀಟಿ?"

"ಅವತ್ತು ಒಲೆ ಹಚ್ಚೋಕೆ ಕಾಗದ ಇರ್ಲಿಲ್ಲ."