ಸಭಾಮಂದಿರವನ್ನು ದೇವಸ್ಥಾನ ಎನ್ನಬೇಡಿ

ಇಂದು ಬೆಳಿಗ್ಗೆ ಪತ್ರಿಕೆಯ ಒಳಪುಟ ತೆರೆದಾಗ ಮೊದಲು ಆದದ್ದು ಸಂತೋಷವೇ. ಸಿರಿಯಾದ ಪುರಾತನ ಊರು ದೂರಾ ಯೂರೋಪಸ್‌ನ ಗೋಡೆಚಿತ್ರಗಳು, ಅದೂ ಬಣ್ಣದಲ್ಲಿ! ಕೆಳಗಿನ ಸಾಲು ಓದಿದೆ, ‘ಪುರಾತನ ಯಹೂದಿ ದೇವಸ್ಥಾನ’ ಎಂದಿತ್ತು. ಕಾಫಿ ಅಲ್ಲೇ ಆರಿತು.

ಆ ಚಿತ್ರಗಳು ಸಿಕ್ಕಿದ್ದು ಒಂದು ಸಿನಗಾಗಿನಲ್ಲಿ, ಅಂದರೆ ಯಹೂದಿಗಳು ಕೂಡುವ ಸಭಾಮಂದಿರದಲ್ಲಿ. ಸಿನಗಾಗ್ ದೇವಸ್ಥಾನವಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳ ಸಿಟ್ಟು ನಿಮಗೇನೂ ಹೊಸದಲ್ಲ, ಆದರೂ ಇದನ್ನು ಪೂರ್ತಿ ಓದಿ.

ಯಹೂದಿಗಳ ದೇವಾಲಯವೆಂದರೆ ಜೆರುಸಲೇಮಿನದು. ಅಲ್ಲಿ ಬಲಿಪೀಠವಿತ್ತು, ವಂಶಪಾರಂಪರ್ಯದ ಯಾಜಕರಿದ್ದರು. ಅತ್ಯಂತ ಒಳಗಿನ ಗರ್ಭಗೃಹಕ್ಕೆ ಪ್ರಧಾನ ಯಾಜಕನೊಬ್ಬನೇ, ಅದೂ ವರ್ಷಕ್ಕೊಂದು ದಿನ ಮಾತ್ರ, ಹೋಗಬಹುದಿತ್ತು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಅದನ್ನು ಸುಟ್ಟು ಕೆಡವಿತು. ಸಿನಗಾಗ್ ಕೂಡ ದೇವಸ್ಥಾನವೇ ಆಗಿದ್ದರೆ ಆ ದೇವಾಲಯದ ಪಕ್ಕದಲ್ಲೇ ಇನ್ನೊಂದನ್ನು ಕಟ್ಟುವ ಅಗತ್ಯ ಯಾರಿಗೆ ಬರುತ್ತಿತ್ತು? ಆದರೆ ಕಟ್ಟಿದ್ದರು. ದೇವಾಲಯದ ಬೆಟ್ಟದ ದಕ್ಷಿಣಕ್ಕೆ, ಕೂಗಳತೆಯಲ್ಲಿ, 1913ರಲ್ಲಿ ಒಂದು ಗ್ರೀಕ್ ಶಾಸನ ಸಿಕ್ಕಿತು. ಹತ್ತೇ ಸಾಲು. ಥಿಯೊಡೊಟೋಸ್ ಎಂಬ ಯಾಜಕ ಸಿನಗಾಗ್ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅವನ ತಂದೆಯೂ ಅಜ್ಜನೂ ಸಿನಗಾಗಿನ ಮುಖ್ಯಸ್ಥರೇ ಆಗಿದ್ದರು. ಕಟ್ಟಿಸಿದ್ದು ಏಕೆ? ಧರ್ಮಶಾಸ್ತ್ರದ ಓದಿಗೆ, ಕಟ್ಟಳೆಗಳ ಕಲಿಕೆಗೆ. ಜೊತೆಗೆ ದೂರದಿಂದ ಬಂದವರಿಗೆ ತಂಗಲು ಕೋಣೆಗಳು, ನೀರಿನ ವ್ಯವಸ್ಥೆ. ಆ ಹತ್ತು ಸಾಲಿನಲ್ಲಿ ಪೂಜೆಯ ಮಾತಿಲ್ಲ, ಬಲಿಯ ಮಾತಿಲ್ಲ. ಪ್ರಾರ್ಥನೆ ಎಂಬ ಪದವೂ ಇಲ್ಲ! ನಾನು ಮೊದಲ ಸಲ ಅದರ ಅನುವಾದ ಓದಿದಾಗ ದಾರಿ ನಡೆದು ದಣಿದು ಬಂದವನಿಗೆ ನೀರು ಕೊಡುವ ಆ ಸಾಲಿನಲ್ಲೇ ಬಹಳ ಹೊತ್ತು ನಿಂತುಬಿಟ್ಟಿದ್ದೆ.

ಗೋಲಾನ್ ಬೆಟ್ಟಸಾಲಿನ ಗಮ್ಲಾದ ನಕ್ಷೆ ನೋಡಿ. ರೋಮನ್ನರು ಆ ಊರನ್ನು 67ರಲ್ಲಿ ನಾಶಮಾಡಿದರು, ಅಂದರೆ ದೇವಾಲಯ ಇನ್ನೂ ನಿಂತಿದ್ದಾಗಲೇ ಅಲ್ಲಿ ಸಿನಗಾಗ್ ಇತ್ತು. ಗೋಡೆಗಳ ಉದ್ದಕ್ಕೂ ಮೆಟ್ಟಿಲುಮೆಟ್ಟಿಲಾಗಿ ಕಲ್ಲಿನ ಆಸನಗಳು, ನಡುವೆ ತೆರವು. ದೇವಸ್ಥಾನದಲ್ಲಿ ಎಲ್ಲರ ಕಣ್ಣು ದೇವರ ಕಡೆಗೆ. ಇಲ್ಲಿ ಕೂತವರಿಗೆ ಎದುರಿಗೆ ಕಾಣುವುದು ಊರಿನವರ ಮುಖ.

‘ಈಜಿಪ್ಟಿನ ಹಳೆಯ ಶಾಸನಗಳು ಇಂಥ ಕಟ್ಟಡವನ್ನು ಪ್ರಾರ್ಥನೆಯ ಮನೆ ಎಂದೇ ಕರೆಯುತ್ತವಲ್ಲ?’ ಎಂದು ಕೇಳುವ ಗೆಳೆಯರಿದ್ದಾರೆ. ನಿಜ, ಕ್ರಿ.ಪೂ. 3ನೇ ಶತಮಾನದಿಂದಲೇ ಕರೆಯುತ್ತವೆ. ಮುಂದೆ ಟೋರಾ, ಅಂದರೆ ಧರ್ಮಶಾಸ್ತ್ರದ ಸುರುಳಿ, ಇಡಲು ಗೂಡು ಬಂತು, ಜೆರುಸಲೇಮಿಗೆ ಮುಖ ಮಾಡುವ ರೂಢಿ ಬಂತು, ‘ಪವಿತ್ರ ಸ್ಥಳ’ ಎಂಬ ಬರಹವೂ ಬಂತು. ಒಪ್ಪುತ್ತೇನೆ. ಆದರೆ ಪ್ರಾರ್ಥನೆ ನಡೆದ ಮಾತ್ರಕ್ಕೆ ದೇವಸ್ಥಾನವಾಗುವುದಾದರೆ ಮಸೀದಿಯನ್ನೂ ಚರ್ಚನ್ನೂ ಹಾಗೆಯೇ ಬರೆಯಬೇಕಲ್ಲವೇ? ಬರೆಯುವುದಿಲ್ಲ. ‘ಓದುಗರಿಗೆ ಅರ್ಥವಾಗಲಿ ಎಂದು’ ಎಂಬ ಸಮಜಾಯಿಷಿಯಂತೂ ನನಗೆ ಸಹಿಸಲಾಗದು. ಅರ್ಥವಾಗುವುದು ತಪ್ಪೇ ಆದರೆ ಅಂಥ ಅರ್ಥ ಯಾರಿಗೆ ಬೇಕು?

ಪದ ಇಲ್ಲದೆ ಹೀಗಾಯಿತು ಎನ್ನುವಂತೆಯೂ ಇಲ್ಲ. ಗ್ರೀಕಿನಲ್ಲಿ ಸಿನಗಾಗ್ ಎಂದರೆ ಒಟ್ಟುಸೇರುವುದು, ಹೀಬ್ರೂವಿನ ಬೇತ್ ಕ್ನೆಸೆತ್ ಎಂದರೆ ಕೂಡುವ ಮನೆ. ಕನ್ನಡ ಬೈಬಲ್ ಎಂದೋ ‘ಸಭಾಮಂದಿರ’ ಎಂದು ಬರೆದು ‘ದೇವಾಲಯ’ವನ್ನು ಜೆರುಸಲೇಮಿಗೆ ಬಿಟ್ಟಿದೆ. ಎಷ್ಟು ಚೊಕ್ಕ ಪದ! ಕೈಯಲ್ಲಿದ್ದದ್ದನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ.

ದೂರಾ ಯೂರೋಪಸ್‌ನ ಆ ಕಟ್ಟಡವೂ ಮೊದಲು ಒಂದು ವಾಸದ ಮನೆ. ಕ್ರಿ.ಶ. 244–45ರಲ್ಲಿ ಅದನ್ನು ಹಿಗ್ಗಿಸಿ ಕಟ್ಟಿದರು, ಗೋಡೆ ತುಂಬ ಮೋಶೆಯ ಕಥೆ, ಎಸ್ತೇರಳ ಕಥೆ ಬರೆಸಿದರು. ಹತ್ತು ಹನ್ನೆರಡು ವರ್ಷಕ್ಕೆ ಪರ್ಷಿಯಾದ ಸಸಾನಿಯನ್ನರ ಮುತ್ತಿಗೆಯ ಭಯ. ಕೋಟೆಗೋಡೆ ಗಟ್ಟಿಯಾಗಲೆಂದು ಒತ್ತಿನ ಕಟ್ಟಡಗಳಿಗೆಲ್ಲ ಮಣ್ಣು ತುಂಬಿದರು. ಊರು ಉಳಿಯಲಿಲ್ಲ. ಆ ಮಣ್ಣಿನೊಳಗೆ ಚಿತ್ರಗಳು ಉಳಿದವು, 1932ರಲ್ಲಿ ಬೆಳಕಿಗೆ ಬಂದವು.

ಒಂದು ಮಾತನ್ನು ಮುಚ್ಚಿಡಲಾರೆ. ನೌಕರಿಯ ಮೊದಲ ವರ್ಷಗಳಲ್ಲಿ ನಾನೇ ಕಪ್ಪುಹಲಗೆಯ ಮೇಲೆ ‘ಸಿನಗಾಗ್ = ಯಹೂದಿಗಳ ದೇವಸ್ಥಾನ’ ಎಂದು ಬರೆದಿದ್ದೆ. ಮಕ್ಕಳು ಹಾಗೆಯೇ ಬರೆದುಕೊಂಡರು. ಅವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ಆ ಹಳೆಯ ಪುಸ್ತಕ ಅಟ್ಟದ ಮೇಲೆ ಇನ್ನೂ ಇದ್ದರೆ, ಆ ಸಾಲನ್ನು ಹೊಡೆದುಹಾಕಿ ‘ಸಭಾಮಂದಿರ’ ಎಂದು ತಿದ್ದಿಕೊಳ್ಳಿ.