ಸುಸ್ಥಿರವಾಗಿ ನಿಂತ ಫ್ರಿಜ್

ಸರ್ಕಾರಿ ಆಸ್ಪತ್ರೆಗಳ ಸಭೆಗಳಲ್ಲಿ ಈಗ ಹೊಸ ಮಂತ್ರವೊಂದು ಕೇಳಿಬರುತ್ತಿದೆ: ಸುಸ್ಥಿರ ಯೋಜನಾ ನಿರ್ವಹಣೆ. ಒಂದೇ ಉಸಿರಿನಲ್ಲಿ ಹೇಳುವಷ್ಟರಲ್ಲಿ ಸುಸ್ತಾಗುತ್ತದೆ, ಆದರೆ ಅರ್ಥ ಸರಳ. ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳಲಿ, ಮುಂದಿನ ಪೀಳಿಗೆಯ ಅನ್ನಕ್ಕೆ ಕಲ್ಲು ಹಾಕದಿರಲಿ ಎಂಬ ತಾತ್ಪರ್ಯದ ಮಾತನ್ನು ವಿಶ್ವಸಂಸ್ಥೆಯ ಬ್ರುಂಡ್ಟ್‌ಲ್ಯಾಂಡ್ ಆಯೋಗ 1987ರಲ್ಲೇ ಹೇಳಿತ್ತು. ಆಡಳಿತ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ನಾನು ಕಂಡ ಆಸ್ಪತ್ರೆಯೊಂದರಲ್ಲಿ ಶಿಶುಗಳ ಇನ್‌ಕ್ಯುಬೇಟರಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿಲ್ಲ. ಇಂದು ಹುಟ್ಟಿದ ಕೂಸು ಅದರಲ್ಲಿ ಮಲಗಿ ಹಳತು ಮಾಡಿಬಿಟ್ಟರೆ ಮುಂದಿನ ಪೀಳಿಗೆಯ ಗತಿಯೇನು?

ಅಲ್ಲಿಯ ಫ್ರಿಜ್ಜಿನ ಕಥೆ ಇನ್ನೂ ಸೊಗಸು. ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕಲ್ಲವೇ, ಅದಕ್ಕೆಂದು ಸೌರಶಕ್ತಿಯ ಫ್ರಿಜ್ ಬಂತು. ಹಸಿರು ರಿಬ್ಬನ್ ಕತ್ತರಿಸಿದರು, ಗೋಡೆಗೆ ಕಲ್ಲಿನ ಫಲಕ ಹಾಕಿಸಿದರು. ಮೂರು ವರ್ಷದ ಯೋಜನೆ ಮುಗಿದು, ಹಣ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾದ ಕೆಲವೇ ತಿಂಗಳಲ್ಲಿ ಬ್ಯಾಟರಿಯ ನೀರು ಬತ್ತಿತು. ಬೇಕಾಗಿದ್ದದ್ದು ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್. ಫಾರ್ಮಾಸಿಸ್ಟ್ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದರು. ಯೋಜನೆಯ ಲೆಕ್ಕಶೀರ್ಷಿಕೆ (ಖರ್ಚು ಹಾಕುವ ಖಾತೆ) ಮುಚ್ಚಿದೆ, ನಿರ್ವಹಣೆಯ ಲೆಕ್ಕಶೀರ್ಷಿಕೆ ತೆರೆದಿಲ್ಲ ಎಂಬ ಷರಾದೊಂದಿಗೆ ಕಡತ ಮರಳಿತು. ಮತ್ತೆ ಬರೆದರು. ಮೂರು ದರಪಟ್ಟಿ ಲಗತ್ತಿಸಿ ಎಂದರು. ಲಗತ್ತಿಸಿದರು. ಆಗ ಬಂದ ಪ್ರಶ್ನೆ ಇದು: ಬಿಸಿಲಿನಿಂದ ನಡೆಯುವ ಯಂತ್ರಕ್ಕೆ ನೀರೇಕೆ?

ಕೊನೆಗೆ ಸಮಿತಿಯೊಂದು ಕುಳಿತು, ಹೊಸ ಫ್ರಿಜ್ ಕೊಳ್ಳುವುದೇ ಸಲೀಸು ಎಂದು ಶಿಫಾರಸು ಮಾಡಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಕೊಳ್ಳುವುದಕ್ಕೆ ಅನುದಾನವಿದೆ, ಟೆಂಡರ್ ಇದೆ, ರಿಬ್ಬನ್ ಇದೆ. ಬ್ಯಾಟರಿಗೆ ನೀರು ಹೊಯ್ಯುವುದನ್ನು ಉದ್ಘಾಟಿಸಲು ಯಾವ ಗಣ್ಯರು ಬಂದಾರು?

ಇದು ಒಂದೇ ಆಸ್ಪತ್ರೆಯ ಹಣೆಬರಹವಲ್ಲ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಶೇ. 70ರವರೆಗೂ ವೈದ್ಯಕೀಯ ಉಪಕರಣಗಳು ಸುಮ್ಮನೆ ಬಿದ್ದಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಬರೆದಿತ್ತು. ಖರೀದಿಯ ಅವ್ಯವಸ್ಥೆ, ಬಳಸುವವರಿಗೆ ತರಬೇತಿ ಇಲ್ಲದಿರುವುದು, ರಿಪೇರಿಗೆ ಆಸರೆ ಇಲ್ಲದಿರುವುದು ಎಂಬ ಕಾರಣಗಳನ್ನೂ ಕೊಟ್ಟಿತ್ತು. ಆಮೇಲೆ 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಗುರಿಗಳನ್ನು ಹಾಕಿಕೊಂಡಿತು, ಗಡುವು 2030. ಆರೋಗ್ಯದ್ದು ಮೂರನೆಯ ಗುರಿ. ಅದರ ಬಣ್ಣದ ಪೋಸ್ಟರು ಆ ಆಸ್ಪತ್ರೆಯ ಗೋಡೆಯ ಮೇಲೂ ಇದೆ. ಅದನ್ನು ಅಂಟಿಸುವುದಕ್ಕೆ ಮಾತ್ರ ಲೆಕ್ಕಶೀರ್ಷಿಕೆ ಸಿಕ್ಕಿತ್ತು.

ಮೌಲ್ಯಮಾಪನಕ್ಕೆ ಬಂದವರು ಫ್ರಿಜ್ ಇದೆಯೇ ಎಂದು ನೋಡಿದರು, ಇತ್ತು. ಫಲಕ ಇದೆಯೇ ಎಂದು ನೋಡಿದರು, ಅದೂ ಇತ್ತು. ತಂಪಾಗಿದೆಯೇ ಎಂಬ ಅಂಕಣ ನಮೂನೆಯಲ್ಲಿ ಇರಲಿಲ್ಲ. ಸ್ಥಾಪಿಸಿದ ಜಾಗದಿಂದ ಒಂದಿಂಚೂ ಕದಲದ ಯಂತ್ರಕ್ಕೆ ‘ಸುಸ್ಥಿರ’ ಎಂದು ಷರಾ ಬರೆದು ಹೋದರು.

ಅವರು ಹೋದ ಮೇಲೆ ಫಾರ್ಮಾಸಿಸ್ಟ್ ನನಗೆ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದರು. ಒಳಗೆ ಯೋಜನೆಯ ಕಡತಗಳನ್ನು ವರ್ಷವಾರು ಜೋಡಿಸಿಟ್ಟಿದ್ದರು. “ಬಾಗಿಲು ಬಿಗಿಯಾಗಿ ಮುಚ್ಚುತ್ತದೆ ಸರ್, ಗೆದ್ದಲು ಹತ್ತುವುದಿಲ್ಲ” ಎಂದರು.