ಕರಾವಳಿ ಹೆದ್ದಾರಿ ಎಲ್ಲಿ ಹಾಯಬೇಕು ಅಂತ ಬಾಗಲಕೋಟೆಯವರೂ ಕೇಳಬೇಕು

ಕರಾವಳಿಗೆ ಹೊಸ ಎಕ್ಸ್‌ಪ್ರೆಸ್‌ವೇ ಬೇಕು ಅನ್ನುವ ಮಾತು ಆಗಾಗ ಏಳುತ್ತದೆ. ಮಹಾರಾಷ್ಟ್ರದವರು ಪೇಣ್ ಕಡೆಯಿಂದ ಗೋವಾ ಗಡಿಯ ಪತ್ರಾದೇವಿವರೆಗೆ ಹೊಸ ದಾರಿಗೆ ಯೋಜನೆ ಹಾಕಿದ್ದಾರೆ. ಅದನ್ನೇ ಕಾರವಾರ, ಮಂಗಳೂರಿನವರೆಗೂ ಎಳೆಯಲಿ ಅಂತ ನಮ್ಮ ಬಾಗಲಕೋಟೆಯ ಗೆಳೆಯರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಸಮುದ್ರವೇ ಇಲ್ಲದ ಜಿಲ್ಲೆಯವರಿಗೆ ಇದರ ಉಸಾಬರಿ ಯಾಕೆ? ಬಾಗಲಕೋಟೆ ಹತ್ತಿರದ ಗದ್ದನಕೇರಿ ಕ್ರಾಸಿನಲ್ಲಿ ಹಾಯುವ 52ನೇ ಹೆದ್ದಾರಿ ಪಂಜಾಬಿನ ಸಂಗ್ರೂರಿನಿಂದ ಹೊರಟು ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲಾದಲ್ಲಿ ಕರಾವಳಿಗುಂಟ ಹಾಯುವ 66ನೇ ಹೆದ್ದಾರಿಯನ್ನು ಕೂಡುತ್ತದೆ. ನಮ್ಮ ಉಳ್ಳಾಗಡ್ಡಿ, ಬೆಲ್ಲದ ಲಾರಿಗಳು ಆ ದಾರಿಯಲ್ಲೇ ಘಟ್ಟ ಇಳಿಯುತ್ತವೆ. ಬಾದಾಮಿ, ಹುನಗುಂದ ಕಡೆಯಿಂದ ಉಡುಪಿ, ಮಂಗಳೂರಿಗೆ ದುಡಿಯಲು ಹೋಗುವವರು, ಮಣಿಪಾಲದ ಆಸ್ಪತ್ರೆಗೆ ಹೋಗುವವರು ಎಷ್ಟೋ ಜನ ಅದೇ ದಾರಿ ಹಿಡಿಯುತ್ತಾರೆ. 2021ರ ಜುಲೈನಲ್ಲಿ ಅದೇ ದಾರಿಯ ಅರಬೈಲು ಘಟ್ಟದ ರಸ್ತೆ ಕುಸಿದಾಗ ಅದರ ಬಿಸಿ ನಮಗೂ ತಟ್ಟಿತ್ತು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ನಮ್ಮ ತಾಲ್ಲೂಕಿನ ಶಿರೂರಲ್ಲ, ಅಂಕೋಲಾ ತಾಲ್ಲೂಕಿನದು. ಹೆದ್ದಾರಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ನದಿ. ನಡುವೆ ಒಂದು ಚಹಾ ಅಂಗಡಿ. ನಮ್ಮ ಓಣಿಯ ಲಾರಿ ಡ್ರೈವರ್ ಒಬ್ಬರು ಆ ಸುದ್ದಿ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಅಲ್ಲೇ ಗಾಡಿ ಹಚ್ಚಿ ಚಾ ಕುಡದು ಮುಂದ ಹೋಗ್ತಿದ್ವಿ ನೋಡ್ರಿ ಅಣ್ಣಾರ" ಅಂದರು. ಅಂಗಡಿಯ ಕುಟುಂಬ ಜೀವ ಕಳೆದುಕೊಂಡಿತು. ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಟ್ಟು 11 ಜೀವ. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಗೋವಾದಿಂದ ಡ್ರೆಜರ್ ತಂದು ನದಿ ಬಗೆದ ಮೇಲೆ.

ಮಳೆ ಜಾಸ್ತಿ ಆಯಿತು, ಗುಡ್ಡ ಬಿತ್ತು ಅಂತ ಸುಮ್ನೆ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಚೀರೆಕಲ್ಲು ಅಂದರೆ ತೂತು ತೂತಾದ ಕೆಂಪು ಕಲ್ಲು, ಕೆಳಗೆ ಶೇಡಿ ಮಣ್ಣು ಅಂದರೆ ಮೆದು ಜೇಡಿಮಣ್ಣು. ಚೀರೆಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣು ಆ ನೀರು ಕುಡಿದು ಮೆತ್ತಗಾಗಿ ಜಾರುತ್ತದೆ. ಅಂಥ ಗುಡ್ಡಕ್ಕೆ ಅದರ ಬುಡವೇ ಆಧಾರ. ನಾಲ್ಕು ಪಥ ಮಾಡಲು ಆ ಬುಡವನ್ನೇ ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಮೇಲಿನದು ಯಾವುದರ ಮೇಲೆ ನಿಲ್ಲಬೇಕು? ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಹೊರಹೋಗಲು ದಾರಿ ಮಾಡಬೇಕು. ಹಾಗೆ ಕಡಿಯಲು ಜಾಗ ಜಾಸ್ತಿ ಬೇಕು, ದುಡ್ಡೂ ಜಾಸ್ತಿ ಬೇಕು. ರಸ್ತೆ ಮಾಡಿದವರು ದುಡ್ಡು ಉಳಿಸಿದ್ದು ಅಲ್ಲೇ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ 3,000 ದಾಟುತ್ತದೆ. ಬಯಲುಸೀಮೆಯ ಲೆಕ್ಕದಲ್ಲಿ ಅಲ್ಲಿ ರಸ್ತೆ ಮಾಡಲು ಬರುವುದಿಲ್ಲ.

ಶಿರೂರಿನ ಗುಡ್ಡ ಕುಸಿದು ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಲಾರಿ ನೀರಿಗೆ ಹೋಯಿತು, ಪುಣ್ಯಕ್ಕೆ ಚಾಲಕ ಉಳಿದರು. 2025ರ ಮೇ 19ಕ್ಕೆ ಇದೇ 66ನೇ ಹೆದ್ದಾರಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕುಸಿಯಿತು. ಅಲ್ಲಿ ಗದ್ದೆಯ ಮೇಲೆ ಎತ್ತರಕ್ಕೆ ಮಣ್ಣು ಒಟ್ಟಿ ರಸ್ತೆ ಹಾಕಿದ್ದರು. ಕೆಳಗಿನ ಹಸಿ ನೆಲ ಭಾರ ತಡೆಯಲಿಲ್ಲ. ಆಮೇಲೆ ಅಲ್ಲಿ ಕಂಬಗಳ ಮೇಲೆ ರಸ್ತೆ ಮಾಡಬೇಕು ಅಂತ ತೀರ್ಮಾನವಾಯಿತು. ಗದ್ದೆಯಲ್ಲಿ ಕಂಬ ಬೇಕು ಅನ್ನುವುದು ಬಿದ್ದ ಮೇಲೇ ಗೊತ್ತಾಗಬೇಕಿತ್ತಾ? ಗುಡ್ಡ ಇದ್ದಲ್ಲಿ ಸುರಂಗ ಕೊರೆಯುವುದೂ ನಮಗೆ ಬಾರದ ಕೆಲಸವಲ್ಲ, ಕಾರವಾರದ ಬಿಣಗಾ ಹತ್ತಿರ ಕೊರೆದಿದ್ದಾರೆ.

ಇನ್ನು ಹೊಸ ಎಕ್ಸ್‌ಪ್ರೆಸ್‌ವೇಗೆ ಜಾಗ ಎಲ್ಲಿದೆ ಹೇಳಿ. ಉತ್ತರ ಕನ್ನಡದ ಕರಾವಳಿ ಅಂದರೆ ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಒಂದು ಪಟ್ಟಿ. ಅದರಲ್ಲೇ ಹೆದ್ದಾರಿ, ಅದರಲ್ಲೇ ಕೊಂಕಣ ರೈಲು, ಅದರಲ್ಲೇ ಊರು, ಗದ್ದೆ, ತೋಟ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕು ನದಿ ದಾಟಬೇಕು. ದಂಡೆಗೆ ಸರಿದರೆ ಕಡಲ್ಕೊರೆತ, ಮೀನು ಒಣಗಿಸುವವರ ಜಾಗ. ಒಳಗೆ ಸರಿದರೆ ಕಾಡು, ಮತ್ತದೇ ಶೇಡಿ ಮಣ್ಣಿನ ಗುಡ್ಡ.

ಮತ್ತೆ ಆ ಜನ ಎಷ್ಟು ಸಲ ಎದ್ದು ಹೋಗಬೇಕು? 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟಿಗೆ ಅಲೆದವು. ಆಮೇಲೆ ರೈಲು. ಆಮೇಲೆ ನಾಲ್ಕು ಪಥ. ಈ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ? ನಾವು ಮುಳುಗಡೆ ಜನ. ನಮ್ಮ ಅಜ್ಜನ ಹೊಲ ಘಟಪ್ರಭೆಯ ದಂಡೆಗಿತ್ತು, ಈಗ ಆಲಮಟ್ಟಿ ಹಿನ್ನೀರಿನೊಳಗಿದೆ. ನಾನು ಹುಟ್ಟಿದ ಓಣಿ ಬಿಟ್ಟು ನವನಗರಕ್ಕೆ ಬಂದವನು. ಆಲಮಟ್ಟಿ ಅಣೆಕಟ್ಟು ಎತ್ತರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಇನ್ನೂ 75,563 ಎಕರೆ ಮುಳುಗಲಿದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ಅಂತ ದರ ಗೊತ್ತಾಗಿದ್ದು 2025ರಲ್ಲಿ! ಅಲ್ಲಿಯವರೆಗೆ ಹೊಲಕ್ಕೆ ಬೋರು ಹಾಕಿಸಬೇಕೋ ಬೇಡವೋ, ಮನೆಯ ಮಾಳಿಗೆ ರಿಪೇರಿ ಮಾಡಿಸಬೇಕೋ ಬೇಡವೋ ಅಂತ ಜನ ವರ್ಷಗಟ್ಟಲೆ ಕಾದರು. ಗುಂಟೆ ಲೆಕ್ಕದಲ್ಲಿ ಜಮೀನಿರುವ ಕರಾವಳಿಯವರನ್ನೂ ಹಾಗೆ ಕಾಯಿಸಬೇಕಾ?

ಹೆದ್ದಾರಿ ಕಾಯ್ದೆಯಲ್ಲಿ ಸರ್ವೆ ನಂಬರ್ ಪ್ರಕಟವಾದ ಮೇಲೆ ತಕರಾರು ಕೊಡಲು ಇರುವುದು ಬರೀ 21 ದಿನ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪಟ್ಟಿಯನ್ನು ಮೀನಿಗೆ ಹೋದವರು ಯಾವಾಗ ಓದಬೇಕು? ಮೊದಲು ಪಂಚಾಯಿತಿ ಕಟ್ಟೆಯಲ್ಲಿ ನಕ್ಷೆ ಹಾಸಿ ತೋರಿಸಲಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಗುಡ್ಡ ಪ್ರತಿ ವರ್ಷ ಬಾಯಿ ಬಿಡುತ್ತದೆ ಅಂತ ಊರವರನ್ನು ಕೇಳಲಿ. ಒಂದು ಪೂರ್ತಿ ಮಳೆಗಾಲ ಇಂಜಿನಿಯರುಗಳು ಅಲ್ಲಿ ಓಡಾಡಲಿ.

ನನ್ನ ಬೇಡಿಕೆ ಇಷ್ಟೇ. ಹೊಸ ಎಕ್ಸ್‌ಪ್ರೆಸ್‌ವೇ ಮಾತು ಬಿಟ್ಟು ಇರುವ 66ನ್ನು ಸರಿಯಾಗಿ ಮುಗಿಸಿ. ನೆಟ್ಟಗೆ ಕಡಿದ ಗುಡ್ಡಗಳ ಪಟ್ಟಿ ಮಾಡಿ, ಒಂದೊಂದನ್ನೂ ಇಳಿಜಾರು ಮಾಡಿ. ಗದ್ದೆಯಲ್ಲಿ ಕಂಬ ಹಾಕಿ. ಶಾಲೆ ಮಕ್ಕಳು ದಾಟಲು ಕೆಳದಾರಿ, ಪಕ್ಕಕ್ಕೆ ಸರ್ವಿಸ್ ರಸ್ತೆ ಕೊಡಿ. ಅರಬೈಲು ಘಟ್ಟವನ್ನೂ ಇದಕ್ಕೆ ಸೇರಿಸಿ. ನಮ್ಮ ಶಾಸಕರು, ಸಂಸದರು ಇದನ್ನು ಉತ್ತರ ಕನ್ನಡದವರ ಸಮಸ್ಯೆ ಅಂತ ಬಿಡದೆ ಜೊತೆಗೆ ನಿಂತು ಕೇಳಬೇಕು. ಬಾಗಲಕೋಟೆ, ವಿಜಯಪುರದ ಲಾರಿ ಮಾಲೀಕರು, ಚಾಲಕರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂಕೋಲಾದಿಂದ ಭಟ್ಕಳದವರೆಗೆ ನಿಮಗೆ ಭಯ ಹುಟ್ಟಿಸುವ ಜಾಗಗಳು ಯಾವುವು ಅಂತ ಕೆಳಗೆ ಬರೆಯಿರಿ. ಎಲ್ಲ ಒಟ್ಟು ಮಾಡಿ ಮನವಿ ಬರೆಯೋಣ, ಮೊದಲ ಸಹಿ ನಂದು.